ಬಿರುಸುಗೈ

ಕುಷ್ಟಗಿಯ ಹೆಣ್ಣುಮಕ್ಕಳ ಕೈಗಳು ವರ್ಷದಿಂದ ವರ್ಷಕ್ಕೆ ಬಿರುಸಾಗುತ್ತಿವೆ ಎಂದು ಸೈದಾನಬಿ ನಂಬತೊಡಗಿ ಮೂರು ವರ್ಷವಾಗಿತ್ತು. ಸುಮ್ಮನೆ ಬಂದ ನಂಬಿಕೆಯಲ್ಲ ಅದು. ಹಳೇ ಬಜಾರಿನ ತಿರುವಿನಲ್ಲಿ, ಹೂವಿನ ಬುಟ್ಟಿಗಳ ಎದುರಿಗೆ, ನಾಲ್ಕು ಮೊಳ ಅಗಲದ ಬಳೆ ಅಂಗಡಿಯಲ್ಲಿ ಅವಳು ಕೂರುತ್ತ ನಲವತ್ತೆರಡು ವರ್ಷವಾಗಿದೆ. ಆ ಓಣಿಯ ಅಜ್ಜಿಯರ ಕೈ, ಅವರ ಹೆಣ್ಣುಮಕ್ಕಳ ಕೈ, ಮೊಮ್ಮಕ್ಕಳ ಕೈ ಎಲ್ಲವೂ ಅವಳ ತೊಡೆಯ ಮೇಲೆ ಬಂದು ಹೋಗಿವೆ. ಮುಖ ಮರೆತಾಳು, ಕೈ ಮರೆಯುವವಳಲ್ಲ.

ಬಳೆ ಇಡಿಸುವುದರಲ್ಲಿ ಬಳೆಯ ಪಾಲು ಕಡಿಮೆ, ಹಿಡಿತದ್ದೇ ಹೆಚ್ಚು. ಎದುರಿಗೆ ಕೂತವಳ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಬೇಕು. ಅದರ ಬುಡದ ಮಾಂಸವನ್ನು ಒತ್ತಿ ಪಕ್ಕಕ್ಕೆ ಸರಿಸಬೇಕು. ನಾಲ್ಕೂ ಗೆಣ್ಣುಗಳನ್ನು ಹತ್ತಿರ ತಂದು ಕೈಯನ್ನು ದೊನ್ನೆಯ ಹಾಗೆ ಮಾಡಬೇಕು. ಆಗ ಗಾಜಿನ ಬಳೆ ತಾನಾಗಿ ಏರುತ್ತದೆ. ಹದಿನೆಂಟರ ಹುಡುಗಿಯ ಕೈ ನಾದಿದ ಹಿಟ್ಟಿನಂತೆ ಹೇಳಿದ ಕಡೆ ಹೋಗುತ್ತದೆ. ನಲವತ್ತರ ಕೈ ಸ್ವಲ್ಪ ಹಟ ಮಾಡುತ್ತದೆ. ಅರವತ್ತರ ಕೈಗೆ ಬುದ್ಧಿ ಹೇಳಬೇಕಾಗುತ್ತದೆ. ಇದೆಲ್ಲ ಅವಳ ಅತ್ತೆ ಕಲಿಸಿದ್ದು. ಸಾಬೂನು ಹಚ್ಚಿ ಜಾರಿಸುವುದನ್ನು, ಪ್ಲಾಸ್ಟಿಕ್ ಚೀಲ ತೊಡಿಸಿ ಎಳೆಯುವುದನ್ನು ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ. ಸೈದಾನಬಿಗೂ ಆಗುತ್ತಿರಲಿಲ್ಲ.

ಆದರೆ ಈಚೆಗೆ ಬಳೆಗಳು ಏರುತ್ತಿರಲಿಲ್ಲ. ಗೆಣ್ಣಿನ ಹತ್ತಿರ ಬಂದು ಕಚ್ಚಿಕೊಳ್ಳುತ್ತಿದ್ದವು. ದಿನಕ್ಕೆ ಎರಡಾದರೂ ಚಿಟ್ಟೆಂದು ಒಡೆಯುತ್ತಿದ್ದವು. ಮೊದಲು ಅವಳು ಗಂಗಾವತಿಯಿಂದ ಮಾಲು ತರುವ ಜಿಲಾನಸಾಬನ ಜೊತೆ ಜಗಳವಾಡಿದಳು.

"ಎರಡು ನಾಕು ಅಂತ ಡಬ್ಬಿ ಮ್ಯಾಗ ಬರದು ಒಳಗ ಸಣ್ಣ ಬಳಿ ತುಂಬ್ಯಾರ."

ಅವನು ಅಳತೆಯ ಕಡ್ಡಿ ತೆಗೆದು ಅವಳ ಮುಂದೆಯೇ ಅಳೆದ. ಬಳೆ ಸರಿಯಾಗಿತ್ತು. ಅಂದ ಮೇಲೆ ತಪ್ಪು ಕೈಗಳದ್ದೇ.

"ಬೀಸೂದಿಲ್ಲ, ಕುಟ್ಟೂದಿಲ್ಲ, ನೀರು ಸೇದೂದಿಲ್ಲ. ಗುಂಡಿ ಒತ್ತೂದು, ಮೊಬೈಲ್ ತಿಕ್ಕೂದು. ಕೈ ಬಿರುಸಾಗದ ಏನಾಗಬೇಕು?" ಎಂದು ಎದುರಿನ ಹೂಗಾರ ಕನಕಮ್ಮನಿಗೆ ಹೇಳುತ್ತಿದ್ದಳು.

"ಬೀಸಿದ್ರ ದಡ್ಡುಗಟ್ತಾವಬೇ, ಮೆತ್ತಗ ಎಲ್ಲಿ ಆಗತಾವ?" ಎಂದು ಕನಕಮ್ಮ ನಗುತ್ತಿದ್ದಳು. "ನನಗ ನೋಡು, ಬರೇ ಹೂವು ಕಟ್ಟೂದು. ನನಗ್ಯಾಕ ಎರಡು ಎಂಟು ಬಳಿ ಇಡಸ್ತಿ? ಬುಟ್ಟಿ ಎತ್ತಿದ್ರ ಮೊಣಕೈ ತನಕ ಓಡ್ತಾವ."

"ನಿಂದೂ ಬಿರುಸಾಗೈತಿ. ನಿನಗ ತಿಳ್ಯಾಂಗಿಲ್ಲ."

ಹೀಗೆ ಇಡೀ ಊರಿನ ಕೈಗಳ ಮೇಲೆ ತೀರ್ಪು ಕೊಡುತ್ತ ಅವಳು ನಿಶ್ಚಿಂತಳಾಗಿದ್ದಳು.

ಯುಗಾದಿ ಕಳೆದ ವಾರ ಕಳಕಮ್ಮ ಬಂದಳು. ಬೀಜ-ಗೊಬ್ಬರದ ಅಂಗಡಿಯ ಕೊಟ್ರಬಸಪ್ಪನ ಹೆಂಡತಿ ಅವಳು. ಮದುವೆಯಾಗಿ ಬಂದ ವರ್ಷದಿಂದ ಸೈದಾನಬಿಯ ಬಳಿಯೇ ಬಳೆ ಇಡಿಸಿಕೊಂಡವಳು. ಚೀಲ ಕೆಳಗಿಟ್ಟು ಜಮಖಾನೆಯ ಮೇಲೆ ಕೂತಳು.

"ನಮ್ಮ ಸೊಸಿ ಐಶ್ವರ್ಯಾಗ ಏಳು ತಿಂಗಳು ತುಂಬ್ತು. ಬರೂ ಶುಕ್ರವಾರ ಕುಬಸ. ಮನಿ ಮಟ್ಟಿಗೆ ಅಷ್ಟ. ಹೋದ ಸಲದಂಗ ಮಂದಿ ಕರದು ದೊಡ್ಡದು ಮಾಡಂಗಿಲ್ಲ."

"ಛಲೋ ಆತು ಬಿಡ್ರಿ ಅಕ್ಕಾರ. ಹಸರ ಬಳಿ ತಗೊಂಡು ಬರ್ತೀನಿ."

ಕಳಕಮ್ಮ ದನಿ ತಗ್ಗಿಸಿದಳು. "ದೊಡ್ಡ ಅಳತೀವ ತಗೊಂಡು ಬಾ. ಆಕಿ ಕೈ ಬಿರುಸು. ನೀನ ಹೇಳಿದ್ದಿ."

ಹೌದು, ಅವಳೇ ಹೇಳಿದ್ದಳು. ಎರಡು ವರ್ಷದ ಹಿಂದೆ, ಇದೇ ಸೊಸೆಯ ಚೊಚ್ಚಲ ಬಸಿರಿನ ಕುಬಸದಲ್ಲಿ. ಮನೆ ತುಂಬ ಹೆಂಗಸರಿದ್ದರು. ಎರಡು ಬಳೆ ಏರಿದವು. ಮೂರನೆಯದು ಗೆಣ್ಣಿನ ಮೇಲೆ ಚಿಟ್ಟೆಂದು ಎರಡು ತುಂಡಾಯಿತು. ಹಾಡು ಹೇಳುತ್ತಿದ್ದವರು ನಿಲ್ಲಿಸಿದರು. ಬಸುರಿಯ ಕೈಯಲ್ಲಿ ಹಸಿರು ಬಳೆ ಒಡೆಯಬಾರದು. ಬಳೆಗಾರ್ತಿಯ ನಲವತ್ತು ವರ್ಷದ ಮರ್ಯಾದೆ ಆ ತುಂಡುಗಳ ಜೊತೆ ಚಾಪೆಯ ಮೇಲೆ ಬಿದ್ದಿತ್ತು. ಸೈದಾನಬಿಯ ಬಾಯಿಂದ ಮಾತು ತಾನಾಗಿ ಬಂತು: "ಕೈ ಭಾಳ ಬಿರುಸೈತ್ರಿ ಹುಡುಗೀದು."

ಒಂದೇ ಮಾತು. ಮುಂದಿನ ತಿಂಗಳು ಕೂಸು ಹೊಟ್ಟೆಯಲ್ಲೇ ಹೋಯಿತು. ಆ ಮಾತು ಮಾತ್ರ ಹೋಗಲಿಲ್ಲ. ನೆಂಟರಲ್ಲಿ ಆ ಹುಡುಗಿಯ ಹೆಸರು 'ಬಿರುಸುಗೈಯಾಕಿ' ಎಂದಾಯಿತು. ಸೈದಾನಬಿಯ ಕಿವಿಗೂ ಅದು ಬಿದ್ದಿತ್ತು. ಪಾಪ ಅನಿಸಿತ್ತು, ಸುಳ್ಳು ಅನಿಸಿರಲಿಲ್ಲ.

ಬುಧವಾರ ಅವಳು ಸಕ್ಕರೆ ಕಾಯಿಲೆಯ ಗುಳಿಗೆ ತರಲು ಆಸ್ಪತ್ರೆಗೆ ಹೋದಳು. ಕಾಯಿಲೆ ಶುರುವಾಗಿ ಹದಿನಾಲ್ಕು ವರ್ಷ. ನೆನಪಾದಾಗ ಗುಳಿಗೆ, ಮರೆತಾಗ ಇಲ್ಲ. ಅಂದು ಹೊಸದಾಗಿ ಬಂದ ಡಾಕ್ಟರು ಕೂತಿದ್ದರು. ಶಾಂಭವಿ ಎಂದು ಹೆಸರು, ಯಲಬುರ್ಗಾ ಕಡೆಯವರು, ಚಿಕ್ಕ ವಯಸ್ಸು. ಸೈದಾನಬಿ ಚೀಟಿ ಹಿಡಿದ ರೀತಿಯನ್ನೇ ನೋಡುತ್ತಿದ್ದ ಅವರು ಪೆನ್ನು ಕೆಳಗಿಟ್ಟರು.

"ಅಮ್ಮಾ, ಎರಡೂ ಕೈ ಜೋಡಸ್ರಿ ನೋಡೋಣ."

"ಯಾಕ್ರಿ ಮೇಡಂ, ನಾನೇನು ತಪ್ಪು ಮಾಡೀನಿ?"

"ತಪ್ಪಲ್ಲ. ಅಂಗೈಗೆ ಅಂಗೈ, ಬೆರಳಿಗೆ ಬೆರಳು ಒತ್ತಿ ಹಿಡೀರಿ. ಚೂರೂ ಸಂದಿ ಬಿಡಬಾರದು."

ಸೈದಾನಬಿ ಹಿಡಿದಳು. ಬೆರಳ ತುದಿಗಳು ಕೂಡಿದವು, ಅಂಗೈಯ ಬುಡ ಕೂಡಿತು. ನಡುವಿನ ಗೆಣ್ಣುಗಳು ಕೂಡಲಿಲ್ಲ. ಇನ್ನೂ ಒತ್ತಿದಳು. ಎರಡು ಕೈಗಳ ನಡುವೆ ಕಿಟಕಿಯ ಬೆಳಕು ಕಾಣುತ್ತಲೇ ಇತ್ತು. ಡಾಕ್ಟರು ತಮ್ಮ ಕೈ ಜೋಡಿಸಿ ತೋರಿಸಿದರು. ಅಲ್ಲಿ ಕೂದಲು ತೂರುವಷ್ಟೂ ಜಾಗವಿರಲಿಲ್ಲ.

"ಇದೇನ್ರಿ ಇದು?" ಎಂದಳು, ತನ್ನ ಕೈಯನ್ನು ಬೇರೆಯವರ ಕೈ ಎಂಬಂತೆ ನೋಡುತ್ತ.

ಡಾಕ್ಟರು ಗಾಯಕ್ಕೆ ಕಟ್ಟುವ ಬಟ್ಟೆಯ ಅಂಚಿನಿಂದ ನಾಲ್ಕಾರು ಎಳೆ ಬಿಡಿಸಿ ಮೇಜಿನ ಮೇಲೆ ಇಟ್ಟರು. "ನಮ್ಮ ಚರ್ಮದ ಕೆಳಗ, ನರ ಎಳಿಯೋ ಕಡೆ, ಗೆಣ್ಣಿನ ಸುತ್ತ, ಎಲ್ಲಾ ಕಡೆ ಒಂದು ಥರದ ಎಳಿ ಇರತಾವ. ಕೊಲಾಜನ್ ಅಂತಾರ. ಮೈ ಹಿಡಿದು ಕಟ್ಟಿರೋ ನೂಲು ಅಂತ ತಿಳೀರಿ. ಸಣ್ಣ ವಯಸ್ಸಿನ್ಯಾಗ ಒಂದರ ಪಕ್ಕ ಒಂದು ಹಿಂಗ ಸರದಾಡ್ತಾವ. ವಯಸ್ಸಾದಂಗ ಎಳಿ-ಎಳಿ ನಡುವ ಗಂಟು ಬೀಳ್ತಾವ. ಸರದಾಡೂದು ನಿಲ್ತೈತಿ. ಅದು ಎಲ್ಲಾರಿಗೂ ಐತಿ, ನನಗೂ ನಾಳೆ ಬರೂದ. ಆದ್ರ ರಕ್ತದಾಗ ಸಕ್ಕರಿ ಹೆಚ್ಚಿದ್ದವರಿಗೆ ಆ ಸಕ್ಕರಿ ಎಳಿಗೆ ಅಂಟಿಕೊಂತೈತಿ, ಗಂಟು ಲಗೂ ಬೀಳ್ತಾವ."

"ಬೆಲ್ಲದ ಪಾಕ ನೂಲಿನ ಮ್ಯಾಗ ಬಿದ್ದಂಗ?"

"ಹಂಗ ಅನ್ರಿ. ರೊಟ್ಟಿ ಹಂಚಿನ ಮ್ಯಾಗ ಕೆಂಪಗ ಆಗತೈತಲ್ಲ, ಅದೂ ಇದ ಜಾತೀದು. ಅಲ್ಲಿ ಬೆಂಕಿ ಐತಿ, ಎರಡು ನಿಮಿಷ ಸಾಕು. ಇಲ್ಲಿ ಮೈಯ ಕಾವಿನ್ಯಾಗ ವರ್ಷಗಟ್ಟಲೆ ಆಗತೈತಿ. ಬಿಸಿ ರೊಟ್ಟಿ ಮಡಚ್ತೀರಿ. ಕಟಕ ರೊಟ್ಟಿ ಮಡಚಾಕ ಹೋದ್ರ?"

"ಮುರೀತೈತಿ." ಸೈದಾನಬಿ ತನ್ನ ನಡುಬೆರಳನ್ನು ನೆಟ್ಟಗೆ ಮಾಡಲು ನೋಡಿದಳು. "ಹಂಗಾದ್ರ ನಾ ತಿಂದ ಸಿಹಿ ನನ್ನ ಕೈಯಾಗ ಬಂದು ಕುಂತೈತಿ."

"ಕುಂತೈತಿ. ಎದ್ದು ಹೋಗಂಗಿಲ್ಲ. ಆ ಎಳಿ ಬ್ಯಾಗ ಹೊಸದು ಹುಟ್ಟಂಗಿಲ್ಲಮ್ಮಾ, ಹಳೇದ ಇರತೈತಿ. ಗುಳಿಗಿ ಬಿಡದ ನುಂಗಿದ್ರ, ನಾ ಹೇಳಿದಂಗ ಬೆರಳಿಗೆ ಕಸರತ್ತು ಮಾಡಿದ್ರ ಇನ್ನಷ್ಟು ಕೆಡಂಗಿಲ್ಲ. ಚರ್ಮಾನೂ ದಪ್ಪಾಗೈತಿ ನಿಮ್ದು. ಮುಟ್ಟಿದ್ದು ಮೊದಲಿನಂಗ ತಿಳೀತೈತೇನು?"

ಸೈದಾನಬಿ ಮೇಜಿನ ಮೇಲಿನ ಎಳೆಯೊಂದನ್ನು ಬೆರಳಿನಲ್ಲಿ ತಿಕ್ಕಿ ನೋಡಿದಳು. ಆಮೇಲೆ ಕೇಳಿದಳು: "ಇದು ಯಾವಾಗಿಂದ ಆಗಿರಬೇಕ್ರಿ?"

"ಒಂದ ದಿನಕ್ಕ ಆಗೂದಲ್ಲ. ಮೂರು ವರ್ಷ, ನಾಕು ವರ್ಷ. ನಿಮಗ ಗೊತ್ತಾಗದಂಗ ಆಗಿರತೈತಿ."

ಅಂಗಡಿಗೆ ಬಂದವಳು ಸೊಸೆ ಅಫ್ರೋಜಳನ್ನು ಕರೆದಳು. ಅಫ್ರೋಜಗೆ ಇಪ್ಪತ್ತಾರು. ಅತ್ತೆ ಊಟಕ್ಕೆ ಹೋದಾಗ ಅಂಗಡಿ ನೋಡಿಕೊಳ್ಳುವವಳು, ಸಾಬೂನು ಹಚ್ಚುವ ವಿಷಯಕ್ಕೆ ಬೈಸಿಕೊಳ್ಳುವವಳು. ಸೈದಾನಬಿ ಎದುರಿನ ಕನಕಮ್ಮನನ್ನೂ ಕೂಗಿದಳು.

"ಬಾಬೇ ಇಲ್ಲಿ, ಬಳಿ ಇಡಸ್ಕೋ. ರೊಕ್ಕ ಬ್ಯಾಡ."

"ಪುಕ್ಕಟ? ಹಂಗಾದ್ರ ಕಾಲಿಗೂ ಇಡಸು," ಎನ್ನುತ್ತ ಕನಕಮ್ಮ ಕೈ ಒರೆಸಿಕೊಂಡು ಬಂದಳು.

"ಅಫ್ರೋಜಾ, ಎರಡು ಆರು ಇಡಸು. ಸಾಬಾಣ ಬ್ಯಾಡ."

ಮೂರು ವರ್ಷದಿಂದ ಕನಕಮ್ಮನಿಗೆ ಎರಡು ಎಂಟರ ಕೆಳಗಿನ ಅಳತೆ ಸೈದಾನಬಿ ಮುಟ್ಟಿರಲಿಲ್ಲ. ಅಫ್ರೋಜ ಕೈ ಹಿಡಿದಳು, ಒತ್ತಿದಳು, ಎರಡು ಆರು ಏರಿತು. ಸೈದಾನಬಿ ಇನ್ನೊಂದು ಡಬ್ಬಿ ಮುಂದಕ್ಕೆ ತಳ್ಳಿದಳು. "ಎರಡು ನಾಕು." ಅದು ಗೆಣ್ಣಿನ ಹತ್ತಿರ ಒಂದು ಕ್ಷಣ ನಿಂತಿತು. ಅಫ್ರೋಜ ಹೆಬ್ಬೆರಳ ಬುಡವನ್ನು ತುಸು ತಿರುಗಿಸಿದಳು. ಅದೂ ಏರಿತು.

"ಹೇಳಿದ್ನಿಲ್ಲೋ, ನನ್ನ ಕೈ ಇನ್ನೂ ಹುಡುಗೀದು!" ಎಂದು ಕನಕಮ್ಮ ಬಳೆ ಕುಣಿಸುತ್ತ ರಸ್ತೆ ದಾಟಿದಳು.

ಸೈದಾನಬಿ ಜಮಖಾನೆಯ ಮೇಲೆ ಕೂತೇ ಇದ್ದಳು. ಊರಿನ ಕೈಗಳು ಬಿರುಸಾಗಿರಲಿಲ್ಲ. ನೂರಾರು ಹೆಂಗಸರ ಕೈಗಳನ್ನು ದೂರಿದ ತನಗೆ, ಅವನ್ನೆಲ್ಲ ಹಿಡಿಯುತ್ತಿದ್ದ ಕೈಗಳು ಎರಡೇ ಎಂಬುದು ಹೊಳೆದಿರಲಿಲ್ಲ. ಅಂಗೈ ಚಪ್ಪಟೆಯಾಗದಿದ್ದರೆ ಒತ್ತುವ ಬಲ ಹರಡುವುದಿಲ್ಲ, ಒಂದೇ ಗೆಣ್ಣಿನ ಮೇಲೆ ಬೀಳುತ್ತದೆ. ಬಳೆ ಅಲ್ಲೇ ಕಚ್ಚುತ್ತದೆ, ಅಲ್ಲೇ ಒಡೆಯುತ್ತದೆ. ಇಷ್ಟು ಸರಳ.

ಆಮೇಲೆ ನೆನಪಾದಳು ಐಶ್ವರ್ಯ.

ಮೊದಲು ಮನಸ್ಸು ತಪ್ಪಿಸಿಕೊಳ್ಳಲು ನೋಡಿತು. ಎರಡು ವರ್ಷದ ಹಿಂದೆ ತನ್ನ ಕೈ ಇಷ್ಟು ಕೆಟ್ಟಿರಲಿಕ್ಕಿಲ್ಲ. ಆ ಹುಡುಗಿಯ ಕೈ ನಿಜವಾಗಿಯೂ ಬಿರುಸಿದ್ದಿರಬಹುದು. ಬಳೆಯಲ್ಲೇ ಸೀಳಿದ್ದಿರಬಹುದು. ಆದರೆ ಒಂದೊಂದೇ ನೆನಪು ಎದುರಿಗೆ ಬಂದು ನಿಂತಿತು. ಆ ಬೆಳಿಗ್ಗೆ ನಡುಬೆರಳು ನೆಟ್ಟಗಾಗದೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡದ್ದು. ಮೊದಲ ಬಳೆಯನ್ನೇ ಎರಡು ಸಲ ಹಿಡಿದು ಬಿಟ್ಟದ್ದು. ಹುಡುಗಿ ಮೆಲ್ಲಗೆ "ನೋಯಾಕತೈತ್ರಿ" ಎಂದದ್ದು. ಆ ಮಾತನ್ನು ಹಾಡಿನ ಗದ್ದಲದಲ್ಲಿ ಕೇಳಿಯೂ ಕೇಳದ ಹಾಗೆ ಇದ್ದದ್ದು.

ಮರುದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಫ್ರೋಜಗೆ ಎಲ್ಲ ಹೇಳಿದಳು. ಅಫ್ರೋಜ ಬಳೆಗಳ ಧೂಳು ಒರೆಸುತ್ತ ಕೇಳಿಸಿಕೊಂಡಳು.

"ಈಗ ಏನು ಮಾಡಬೇಕಂತೀರಿ?"

"ಹೇಳಬೇಕಲ್ಲ. ಅವರ ಮನ್ಯಾಗ, ಎಲ್ಲಾರ ಮುಂದ. ಎಲ್ಲಾರ ಮುಂದ ಅಂದ ಮಾತು."

ಅಫ್ರೋಜ ಬಟ್ಟೆ ಕೆಳಗಿಟ್ಟಳು. "ಅಮ್ಮಾ, ನಾ ಒಂದು ಮಾತು ಹೇಳ್ಲಿ? ಬಳಿ ಒಡದದ್ದಕ್ಕ ಕೂಸು ಹೋತು ಅಂತ ಅವರು ನಂಬ್ಯಾರ. ಒಡದದ್ದು ನನ್ನ ಕೈ ಅಂತ ನೀವು ಹೇಳಿದ್ರ, ಕೂಸು ಯಾರ ತಲಿ ಮ್ಯಾಗ ಬೀಳ್ತೈತಿ? ನಾಳಿಂದ ಯಾವ ಬಸುರಿ ನಮ್ಮ ಅಂಗಡಿ ಕಟ್ಟಿ ಹತ್ತತಾಳ?"

ಸೈದಾನಬಿಗೆ ಅದು ಹೊಳೆದಿರಲಿಲ್ಲ. ಅಫ್ರೋಜಳೇ ದಾರಿ ಹೇಳಿದಳು.

"ನಾನೂ ಬರ್ತೀನಿ. ನಮ್ಮ ಅತ್ತೀಗೆ ಕೈ ನೋವು ಅಂತ ಹೇಳಿ ನಾನ ಇಡಸ್ತೀನಿ. ಸಲೀಸು ಏರ್ತಾವ. ಆಕಿ ಕೈ ಮೆತ್ತಗೈತಿ ಅಂತ ಮಂದಿ ತಾವ ನೋಡ್ತಾರ. ಸುಮ್ಮ ಹೋಗೋಣ, ಸುಮ್ಮ ಬರೋಣ. ಆಕಿಗೆ ಬಂದ ಹೆಸರೂ ಹೋಗತೈತಿ, ನಮ್ಮ ಅಂಗಡೀನೂ ಉಳಿತೈತಿ."

ಸೊಸೆಯ ಮಾತಿನಲ್ಲಿ ತಪ್ಪು ಕಾಣಿಸಲಿಲ್ಲ. ಇಬ್ಬರಿಗೂ ಒಳ್ಳೆಯದಾಗುವ ದಾರಿ ಇರುವಾಗ ತಾನೇಕೆ ತಲೆ ಒಡ್ಡಬೇಕು? ಆದರೂ, ಇದು ಸರಿ ಎಂದು ಅನಿಸುತ್ತಿರುವುದು ಸರಿಯಾಗಿರುವುದಕ್ಕೋ ಅಥವಾ ಹೆದರಿಕೆಗೋ ಎಂದು ಸೈದಾನಬಿಗೆ ಬಿಡಿಸಿ ಹೇಳಿಕೊಳ್ಳಲಾಗಲಿಲ್ಲ. ಕೊನೆಗೆ "ಆತು" ಎಂದಳು.

ಶುಕ್ರವಾರ ಹತ್ತು ಗಂಟೆಗೆ ಇಬ್ಬರೂ ಕೊಟ್ರಬಸಪ್ಪನ ಮನೆಗೆ ಹೋದರು. ಗಂಡಸರು ಹೊರಗೆ ಹೋಗಿದ್ದರು. ಪಡಸಾಲೆಯಲ್ಲಿ ಹದಿನೈದು ಹೆಂಗಸರಿದ್ದರು. ನಡುವೆ ಹಸಿರು ಸೀರೆ ಉಟ್ಟು ಐಶ್ವರ್ಯ ಮಣೆಯ ಮೇಲೆ ಕೂತಿದ್ದಳು. ಮುಖದಲ್ಲಿ ನಗು ಇತ್ತು. ಕೈಗಳು ಮಾತ್ರ ಸೆರಗಿನ ಕೆಳಗಿದ್ದವು.

ಕಳಕಮ್ಮನ ಅಕ್ಕ ಶರಣಬಸಮ್ಮ ತಳಕಲ್ಲಿನಿಂದ ಬಂದಿದ್ದಳು. ದೊಡ್ಡ ದನಿಯ, ನಗಿಸುವ ಹೆಂಗಸು. ಅಫ್ರೋಜ ಪೆಟ್ಟಿಗೆ ಬಿಚ್ಚುತ್ತಿದ್ದಂತೆ ಇಣುಕಿ ನೋಡಿದಳು.

"ಇಷ್ಟ ಸಣ್ಣ ಬಳಿ ಯಾರಿಗಿಬೇ? ಈ ಬಿರುಸುಗೈಗೆ ಚಕ್ಕಡಿ ಗಾಲೀನ ಬಿಚ್ಚಿಕೊಂಡು ಬರಬೇಕು."

ಎಲ್ಲರೂ ನಕ್ಕರು. ಐಶ್ವರ್ಯಳೂ ನಕ್ಕಳು. ಈ ಮಾತಿಗೆ ನಗಬೇಕು ಎಂದು ಅಭ್ಯಾಸವಾಗಿದ್ದವಳಂತೆ, ಉಳಿದವರಿಗಿಂತ ಸ್ವಲ್ಪ ಮೊದಲೇ.

"ನಮ್ಮ ಅತ್ತೀಗೆ ಕೈ ನೋವ್ರಿ, ಇವತ್ತು ನಾ ಇಡಸ್ತೀನಿ," ಎಂದು ಅಫ್ರೋಜ ಮಣೆಯ ಮುಂದೆ ಕೂತು ಕೈ ಚಾಚಿದಳು. ಐಶ್ವರ್ಯ ಸೆರಗಿನಿಂದ ಕೈ ತೆಗೆಯಲು ಹೊತ್ತು ಹಿಡಿಯಿತು.

"ಅಕ್ಕಾ, ಸಡಿಲ ಬಿಡ್ರಿ. ನನ್ನ ಕೈಯಾಗ ಒಗದುಬಿಡ್ರಿ," ಎಂದಳು ಅಫ್ರೋಜ ಮೆಲ್ಲಗೆ.

ಮೊದಲ ಬಳೆ ಏರಿತು. ಎರಡನೆಯದು ಏರಿತು. ಮೂರನೆಯದನ್ನು ಎತ್ತಿಕೊಂಡಾಗ ಹಾಡು ತಾನಾಗಿ ನಿಂತಿತು. ಎಲ್ಲರಿಗೂ ಲೆಕ್ಕ ನೆನಪಿತ್ತು. ಸೈದಾನಬಿ ಗೋಡೆಗೆ ಒರಗಿ ಅಫ್ರೋಜಳ ಬೆರಳುಗಳನ್ನೇ ನೋಡುತ್ತಿದ್ದಳು. ಮೂರನೆಯದು ಏರಿತು, ನಾಲ್ಕನೆಯದೂ. ಆ ಮೇಲೆ ಯಾರೂ ಎಣಿಸಲಿಲ್ಲ. ಬಲಗೈಗೆ ಹನ್ನೊಂದು, ಎಡಗೈಗೆ ಹತ್ತು, ಒಂದೂ ಚಿಟ್ಟೆನ್ನದೆ ಏರಿದವು. ಹಾಡು ಮತ್ತೆ ಜೋರಾಗಿ ಶುರುವಾಯಿತು. ಅಫ್ರೋಜ ಹಿಂತಿರುಗಿ ಅತ್ತೆಯನ್ನು ನೋಡಿದಳು. ಮುಗಿಯಿತು, ಎಂಬಂತೆ.

"ಅಬ್ಬಾ, ಈ ಸಲ ದೇವರು ಕಣ್ಣು ತಗದ," ಎಂದಳು ಒಬ್ಬಾಕೆ. "ಹುಡುಗಿ ಕೈ ಮೆತ್ತಗಾಗೈತಿ."

"ಆಗಬೇಕಲ್ಲವ್ವ," ಎಂದಳು ಶರಣಬಸಮ್ಮ, ಆರತಿಯ ತಟ್ಟೆ ಸರಿಪಡಿಸುತ್ತ. ದನಿಯಲ್ಲಿ ಕೊಂಕಿರಲಿಲ್ಲ, ನಿಜವಾದ ಮರುಕವೇ ಇತ್ತು. "ಆಗಿನ ಸಲ ಇಷ್ಟು ಮೆತ್ತಗ ಬಿಟ್ಟಿದ್ರ ಆ ಕೂಸೂ ಉಳೀತಿತ್ತು. ಕೈ ಬಿಗಿ ಹಿಡದ್ಲು, ಕೂಸಿನ್ನ ಕಳಕೊಂಡ್ಲು. ಈಗರ ಬುದ್ಧಿ ಬಂತು."

ಯಾರೂ ಎದುರಾಡಲಿಲ್ಲ. ಕಳಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಐಶ್ವರ್ಯ ಇಪ್ಪತ್ತೊಂದು ಹೊಸ ಬಳೆಗಳನ್ನು ತೊಟ್ಟ ಕೈಗಳನ್ನು ಮೆಲ್ಲಗೆ, ಸದ್ದಾಗದ ಹಾಗೆ, ಮತ್ತೆ ಸೆರಗಿನ ಕೆಳಗೆ ಇಟ್ಟಳು.

ಅದನ್ನು ಸೈದಾನಬಿ ನೋಡಿದಳು. ಸುಮ್ಮನೆ ಬಂದು ಸುಮ್ಮನೆ ಹೋದರೆ ಹುಡುಗಿಯ ಹೆಸರು ತೊಳೆದುಹೋಗುತ್ತದೆ ಎಂದುಕೊಂಡಿದ್ದರು ಅತ್ತೆ-ಸೊಸೆ. ತೊಳೆದುಹೋಗಿರಲಿಲ್ಲ. ಬಳೆ ಇಷ್ಟು ಸಲೀಸಾಗಿ ಏರಿದ್ದೇ ಹಳೆಯ ತಪ್ಪಿಗೆ ಸಾಕ್ಷಿಯಾಗಿ ನಿಂತಿತ್ತು.

"ಅಕ್ಕಾರ," ಎಂದಳು. ಯಾರೂ ತಿರುಗಿ ನೋಡಲಿಲ್ಲ. ಇನ್ನೊಮ್ಮೆ ಕರೆದಳು. "ಅಕ್ಕಾರ, ಒಂದು ಮಾತೈತಿ."

ಅಫ್ರೋಜ ಅವಳ ಸೀರೆಯ ಅಂಚು ಜಗ್ಗಿದಳು. ಸೈದಾನಬಿ ಗೋಡೆ ಬಿಟ್ಟು ಮುಂದೆ ಬಂದು, ಎಲ್ಲರಿಗೂ ಕಾಣುವ ಹಾಗೆ ಎರಡು ಕೈ ಜೋಡಿಸಿ ಹಿಡಿದಳು.

"ಇದೇನು, ನಮಗ ನಮಸ್ಕಾರ ಮಾಡಾಕ್ಹತ್ತಿಯೇನು?" ಎಂದು ಶರಣಬಸಮ್ಮ ನಕ್ಕಳು.

"ನಡುವ ಸಂದಿ ನೋಡ್ರಿ. ನಾ ಎಷ್ಟು ಒತ್ತಿದ್ರೂ ಕೂಡಂಗಿಲ್ಲ. ಸಕ್ಕರಿ ಕಾಯಿಲೀಗೆ ಹಿಂಗ ಆಗತೈತಂತ, ಡಾಕ್ಟರು ಹೇಳ್ಯಾರ. ಒಳಗಿನ ಎಳಿ ಬಿರುಸಾಗ್ಯಾವ. ಇವತ್ತಿಂದಲ್ಲ, ಮೂರು ವರ್ಷದಿಂದ." ಅವಳು ಕೈ ಕೆಳಗಿಳಿಸಿದಳು. "ಆಗಿನ ಸಲ ಬಿರುಸಿದ್ದದ್ದು ಈಕಿ ಕೈ ಅಲ್ಲ, ನಂದು. ನೋಯಾಕತೈತಿ ಅಂತ ಹುಡುಗಿ ಅಂದ್ಲು. ನಾ ಕೇಳ್ಲಿಲ್ಲ, ಒತ್ತಿದೆ, ಒಡೀತು. ಮತ್ತ ಈಕಿ ಮ್ಯಾಗ ಹೇಳಿದೆ. ಗೊತ್ತಿದ್ದು ಹೇಳಿದ್ದಲ್ರಿ. ಆದ್ರ ನಾನ ಹೇಳಿದ್ದು."

ಶರಣಬಸಮ್ಮ ತಟ್ಟೆ ಕೆಳಗಿಟ್ಟಳು. ಈಗ ಅವಳ ಮುಖದಲ್ಲಿ ನಗು ಇರಲಿಲ್ಲ. "ಹಂಗಾದ್ರ ಆ ಕೂಸು ನಿನ್ನ ಕೈಯಾಗ ಹೋತು ಅನ್ನು."

ಇದೇ ಮಾತು ಬರುತ್ತದೆ ಎಂದು ಸೈದಾನಬಿಗೆ ಗೊತ್ತಿತ್ತು. ಇಲ್ಲ ಎನ್ನಲು ಬಾಯಿ ತೆರೆದಳು. ಇಲ್ಲ ಎಂದರೆ ಅದು ಮತ್ತೆ ಯಾರ ಮೇಲೆ ಬೀಳುತ್ತದೆ ಎಂದು ತಿಳಿಯದೆ ಮುಚ್ಚಿದಳು.

"ಯಾರ ಕೈಯಾಗೂ ಹೋಗಿಲ್ರಿ ದೊಡ್ಡಮ್ಮ."

ಐಶ್ವರ್ಯ ಹೇಳಿದ್ದು. ಮಣೆಯ ಮೇಲೆ ಕೂತಲ್ಲಿಂದಲೇ, ತಲೆ ತಗ್ಗಿಸಿಯೇ ಹೇಳುತ್ತಿದ್ದಳು. "ಕೂಸಿಗೆ ರಕ್ತ ಕೊಡೂ ಮಾಸು ಹೆರಿಗಿಗಿಂತ ಮೊದಲ ಬಿಟ್ಟಿತ್ತು. ಕೊಪ್ಪಳದಾಗ ಡಾಕ್ಟರು ಹೇಳಿದ್ರು. ಅತ್ತೀ, ನೀವೂ ಅಲ್ಲೇ ನಿಂತಿದ್ರಿ. ನಾ ಎರಡು ವರ್ಷದಿಂದ ಹೇಳಾಕತ್ತೀನಿ. ಬಳಿಗೂ ಕೂಸಿಗೂ ಏನ್ರಿ? ಬಳಿ ಒಡದದ್ದು ಸೈದಾನಮ್ಮನ ಕೈಯಾಗ. ಅಷ್ಟ."

ಎಲ್ಲರೂ ಕಳಕಮ್ಮನ ಕಡೆ ನೋಡಿದರು. ಕಳಕಮ್ಮ ಸೊಸೆಯ ಹತ್ತಿರ ಹೋಗಿ ನಿಂತಳು. ಬಗ್ಗಿ, ಸೆರಗಿನ ಕೆಳಗಿದ್ದ ಎರಡೂ ಕೈಗಳನ್ನು ಹಿಡಿದು ಹೊರಗೆ ತೆಗೆದು ತೊಡೆಯ ಮೇಲೆ ಇಟ್ಟಳು. ಆಮೇಲೆ ಅಕ್ಕನಿಗೆ, "ಆರತಿ ಹಚ್ಚಕ್ಕ, ಹೊತ್ತಾತು," ಎಂದಳು.

ಶರಣಬಸಮ್ಮ ಹಚ್ಚಿದಳು. ಆದರೆ ಆರತಿ ಮುಗಿದು, ಬಂದ ಮುತ್ತೈದೆಯರಿಗೆ ಬಳೆ ಇಡಿಸುವ ಹೊತ್ತಿಗೆ, ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು. "ನನಗ ಬ್ಯಾಡ. ನಾ ನಮ್ಮ ಕಡೆ ಇಡಸ್ಕೊಂತೀನಿ." ಅವಳನ್ನು ನೋಡಿ ಇನ್ನಿಬ್ಬರು ಎದ್ದರು. ಉಳಿದವರು ಅಫ್ರೋಜಳ ಮುಂದೆ ಕೂತರು. ಕೆಲವರು ಕೂರುವ ಮೊದಲು ಸೈದಾನಬಿಯ ಕೈಗಳನ್ನು ಒಮ್ಮೆ ನೋಡಿದರು.

ಹೊರಡುವಾಗ ಬಳೆಗಾರ್ತಿಗೆ ಕೊಡುವ ಅಕ್ಕಿ, ಕೊಬ್ಬರಿ, ಖಣವನ್ನು ಮೊರದಲ್ಲಿಟ್ಟು ಕಳಕಮ್ಮ ತಂದಳು. ಇಷ್ಟು ವರ್ಷವೂ ಅದು ಸೈದಾನಬಿಯ ಸೆರಗಿಗೆ ಬೀಳುತ್ತಿತ್ತು. ಕಳಕಮ್ಮ ಒಂದು ಗಳಿಗೆ ಇಬ್ಬರ ನಡುವೆ ನಿಂತಳು. ಆಮೇಲೆ ಅಫ್ರೋಜಳ ಉಡಿಗೆ ಹಾಕಿದಳು. ಅಫ್ರೋಜ ಗಾಬರಿಯಿಂದ ಅತ್ತೆಯನ್ನು ನೋಡಿದಳು.

"ಹಿಡಿ," ಎಂದಳು ಸೈದಾನಬಿ. "ಇಡಸಿದಾಕಿಗೆ ಸೇರಬೇಕಾದ್ದು."

ನೋವಾಗಲಿಲ್ಲ ಎಂದೇನಲ್ಲ. ಚಪ್ಪಲಿ ಮೆಟ್ಟಲು ಬಾಗಿಲ ಹೊರಗೆ ಬಂದಾಗ ಕಳಕಮ್ಮ ಹಿಂದೆಯೇ ಬಂದು ನಿಂತಳು.

"ನೀ ಹೇಳದಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ ಸೈದಾನಬಿ."

"ಇಲ್ರಿ."

"ಮತ್ತ ಯಾಕ ಹೇಳಿದಿ?"

ಸೈದಾನಬಿ ಚಪ್ಪಲಿ ಮೆಟ್ಟಿದಳು. "ಹೊಸ ಬಳಿ ಇಡಸ್ಕೊಂಡಾಕಿ ಕೈ ಆಡಿಸಿ ಸಪ್ಪಳ ಮಾಡತಾಳ್ರಿ ಅಕ್ಕಾರ. ನಲವತ್ತೆರಡು ವರ್ಷ ನೋಡೀನಿ. ಈಕಿ ಮಾಡಲಿಲ್ಲ."

ಕಳಕಮ್ಮ ಒಳಗೆ ನೋಡಿದಳು. ಅಲ್ಲಿ ಯಾರೋ ಊಟಕ್ಕೆ ಎಲೆ ಹಾಕಲು ಕರೆಯುತ್ತಿದ್ದರು. "ನಾ ಆಸ್ಪತ್ರ್ಯಾಗ ನಿಂತಿದ್ದೆ," ಎಂದಳು, ತನಗೇ ಹೇಳಿಕೊಳ್ಳುವಂತೆ. "ಡಾಕ್ಟರು ಹೇಳಿದ್ದು ಕೇಳಿದ್ದೆ. ಆದ್ರ ಬಳಿ ಒಡದದ್ದು ಕಣ್ಣಿಲೆ ಕಂಡಿದ್ದೆ ನೋಡು." ತಿರುಗಿ ಒಳಗೆ ಹೋದಳು. ಮುಂದಿನ ಸಲ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ರಸ್ತೆಯಲ್ಲಿ ಬಿಸಿಲು ಏರಿತ್ತು. ಅಫ್ರೋಜ ಪೆಟ್ಟಿಗೆ ಹೊತ್ತು ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಸಿಟ್ಟಾಗಿದ್ದಾಳೆಂದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ತಿರುವಿನ ಹತ್ತಿರ ನಿಂತಳು.

"ಮೂರು ಮಂದಿ ಎದ್ದು ಹೋದ್ರು. ಸಂಜೀತನ ಊರೆಲ್ಲಾ ತಿರುಗತೈತಿ ಆ ಮಾತು."

"ತಿರುಗತೈತಿ."

"ಬಸುರ್ಯಾರು ಬರಂಗಿಲ್ಲ ಅಮ್ಮಾ."

"ಕೆಲವರು ಬರಂಗಿಲ್ಲ. ಬಂದವರಿಗೆ ನೀ ಇಡಸು. ನಾ ಕೈ ಹಾಕಂಗಿಲ್ಲ, ಬೇಕಾದ್ರ ಅಂಗಡಿ ಮ್ಯಾಗ ಬರಸು."

ಅಫ್ರೋಜ ಪೆಟ್ಟಿಗೆಯನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸಿದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೆ ನಡಿಗೆ ನಿಧಾನವಾಯಿತು. ಸೈದಾನಬಿ ಅವಳ ಸಮಕ್ಕೆ ಬಂದಳು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಇನ್ನೂ ಅವಳ ಮನಸ್ಸು ತೂಗುತ್ತಲೇ ಇತ್ತು. ಕೊಟ್ರಬಸಪ್ಪನ ಮನೆಯ ಕಡೆಯಿಂದ ಊಟಕ್ಕೆ ಕೂತವರ ಗದ್ದಲ ಕೇಳಿಸುತ್ತಿತ್ತು. ಅದರಲ್ಲಿ ಯಾರದೋ ಕೈಬಳೆಗಳ ಸಪ್ಪಳವೂ ಇತ್ತು. ಯಾರದೆಂದು ತಿಳಿಯಲು ಅವಳು ನಿಲ್ಲಲಿಲ್ಲ.